ಸುಮ್ಮನೆ ಕೂತು ಕಳಿಸಿದ ಕ್ಯಾಸೆಟ್ಟು

ಮೊದಲೇ ಹೇಳಿಬಿಡುತ್ತೇನೆ, ನಾನು ಗುಣವಾಗಿಲ್ಲ. ಗುಣವಾದವರು ಬರೆದ ಕಥನಗಳನ್ನು ನಾನೂ ಓದಿದ್ದೇನೆ. ಕೊನೆಯ ಪುಟ ಬರುವ ಹೊತ್ತಿಗೆ ಅವರು ನಸುಕಿನಲ್ಲೆದ್ದು ವಾಕಿಂಗ್ ಹೊರಟಿರುತ್ತಾರೆ, ಹಕ್ಕಿಗಳು ಕೂಗುತ್ತಿರುತ್ತವೆ. ನನ್ನದು ಹಾಗಲ್ಲ. ಖಿನ್ನತೆ ಎಂದು ಡಾಕ್ಟರು ಹೆಸರಿಟ್ಟ ಈ ರೋಗ ನನಗೆ ಗಂಟುಬಿದ್ದದ್ದು ಕತಾರಿನಲ್ಲಿ, ತೊಂಬತ್ತರ ದಶಕದ ನಡುವೆ. ಅಲ್ಲಿಂದ ಈಚೆಗೆ ಅದು ಹೋಗಿದೆ, ಮತ್ತೆ ಬಂದಿದೆ, ಮತ್ತೆ ಹೋಗಿದೆ, ಮತ್ತೆ ಬಂದಿದೆ. ಇದನ್ನು ಬರೆಯುವಾಗಲೂ ಮೇಜಿನ ಮೇಲೆ ಮಾತ್ರೆಯ ಪಟ್ಟಿ ಇದೆ. ಹಾಗಿದ್ದ ಮೇಲೆ ಯಾಕಪ್ಪಾ ಬರೆಯುತ್ತೀ ಎಂದು ಕೇಳಬಹುದು. ಇಂಥದೇ ಪಟ್ಟಿಯನ್ನು ಬಟ್ಟೆಗಳ ಕೆಳಗೆ ಬಚ್ಚಿಟ್ಟು, ಮಂದಿಯ ಮುಂದೆ ನಗುತ್ತ ಓಡಾಡುವ ಒಬ್ಬರಾದರೂ ಇದನ್ನು ಓದಬಹುದು ಎಂಬ ಆಸೆ. ಅವರಿಗೆ ಕೊಡಲು ನನ್ನ ಹತ್ತಿರ ಉಪದೇಶ ಇಲ್ಲ. ನಾನು ಮಾಡಿದ ಒಂದು ತಪ್ಪು ಇದೆ, ಅದನ್ನು ಹೇಳುತ್ತೇನೆ.

ನನ್ನ ಹೆಸರು ಈರಣ್ಣ. ಊರು ಗದಗ. ನನಗೆ ಆರು ವರ್ಷವಿದ್ದಾಗ ಅವ್ವ ತೀರಿಕೊಂಡಳು. ನೀರು ತರಲು ಹೋದಾಗ ಬಾವಿಯಲ್ಲಿ ಕಾಲು ಜಾರಿತು ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹಾಗೇ ಹೇಳಿಕೊಂಡು ಬೆಳೆದೆ. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ಆಗ ತಾನೇ ಮದುವೆಯಾಗಿದ್ದ ನನ್ನ ಒಡಹುಟ್ಟಿದ ಅಕ್ಕ, ಗಂಗಕ್ಕ, ನನ್ನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಅವಳ ಗಂಡ ಶಿವಪ್ಪ ಮಾಮಾ ಒಂದು ಮಾತೂ ಆಡದೆ ತನ್ನ ಸೈಕಲ್ಲಿನ ಮುಂದಿನ ದಂಡಿಗೆಗೆ ನನಗಾಗಿ ಒಂದು ಸಣ್ಣ ಸೀಟು ಹಾಕಿಸಿದ. ಅವರಿಬ್ಬರದು ಸ್ಟೇಷನ್ ಹತ್ತಿರ ಒಂದು ಖಾನಾವಳಿ. ಮಾಮಾ ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಮೇಲೆ ಕೂರುತ್ತಿದ್ದ, ಅಕ್ಕ ಒಳಗೆ ನಾಲ್ಕು ಹೆಣ್ಣುಮಕ್ಕಳ ಜೊತೆ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳದಲ್ಲೇ ನಾನು ಓದಿದೆ, ನಿದ್ದೆ ಮಾಡಿದೆ, ದೊಡ್ಡವನಾದೆ.

ದೋಹಾದಲ್ಲಿ ನನಗೆ ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಟೈಮ್‌ಕೀಪರ್ ಕೆಲಸ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು, ಯಾರು ಗೈರು, ಅದೆಲ್ಲ ಬರೆದಿಡುವುದು. ಸೈಟು ಅಲ್ ಅಜೀಜಿಯಾದಲ್ಲಿ, ರೂಮು ಅಲ್ ಮನ್ಸೂರಾದಲ್ಲಿ. ಹಳೇ ರೂಮಿನಿಂದಲೂ ನನ್ನ ಜೊತೆ ಇದ್ದವನು ಸದಾನಂದ, ಉಡುಪಿ ಕಡೆಯವನು, ಎಸಿ ರಿಪೇರಿ ಮಾಡುವವನು. ಊರವರ ಜೊತೆ ತುಳು, ನನ್ನ ಜೊತೆ ಕನ್ನಡ, ಉಳಿದವರ ಜೊತೆ ಹಿಂದಿ, ಮಲಯಾಳ ಎರಡನ್ನೂ ಕಲಸಿ ಹೊಡೆಯುತ್ತಿದ್ದ. ನನ್ನ ಭಾಷೆ ಕೇಳಿ ಮೊದಲ ವಾರ ಅವನು, “ನೀವು ಜಗಳ ಮಾಡುವುದಾ, ಮಾತಾಡುವುದಾ ಮಾರಾಯ್ರೆ?” ಎಂದು ಕೇಳಿದ್ದ. ಆಮೇಲೆ ಬಹುವಚನ ಬಿಟ್ಟೆವು.

ಅಕ್ಕನಿಗೆ ಓದು ಬರಹ ಬರುವುದಿಲ್ಲ. ಫೋನು ಪಕ್ಕದ ಗೊಬ್ಬರದಂಗಡಿಯಲ್ಲಿ ಇತ್ತು. ಅಂಗಡಿಯವರು ಹೋಗಿ ಕರೆದು, ಅಕ್ಕ ಹಿಟ್ಟಿನ ಕೈ ಒರೆಸಿಕೊಂಡು ಓಡಿ ಬಂದು, “ಹಲೋ, ಕೇಳಸ್ತೈತೇನ?” ಎನ್ನುವಷ್ಟರಲ್ಲಿ ಅರ್ಧ ಫೋನ್ ಕಾರ್ಡು ಖಲಾಸ್. ಹಾಗಾಗಿ ಎಲ್ಲ ಗಲ್ಫಿನವರ ಹಾಗೆ ನಾವೂ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದೆವು. ಅರವತ್ತು ನಿಮಿಷದ ಕ್ಯಾಸೆಟ್ಟು, ಒಂದು ಬದಿ ಅಕ್ಕನಿಗೆ, ಇನ್ನೊಂದು ಬದಿ ಮಾಮಾನಿಗೆ. ರಜೆಯ ಮೇಲೆ ಗದಗ, ಬಾಗಲಕೋಟೆ ಕಡೆ ಹೋಗುವವರ ಕೈಯಲ್ಲಿ ಕೊಡುವುದು, ಅವರು ತಿರುಗಿ ಬರುವಾಗ ಅಕ್ಕನ ಕ್ಯಾಸೆಟ್ಟು ತರುವುದು. ಖಾನಾವಳಿಯಲ್ಲಿ ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಟೇಪ್ ರೆಕಾರ್ಡರ್ ಅನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು, ಪಾರವ್ವ ಮೊದಲಾಗಿ ರೊಟ್ಟಿಯ ಹೆಣ್ಣುಮಕ್ಕಳೆಲ್ಲ ಸುತ್ತ ಕೂತು ನನ್ನ ಮಾತು ಕೇಳುತ್ತಿದ್ದರಂತೆ. ಅವರೆಲ್ಲ ಕೇಳುತ್ತಾರೆ ಎಂದು ಗೊತ್ತಿದ್ದರಿಂದ ನಾನು ಸ್ವಲ್ಪ ನಾಟಕ ಮಾಡಿ, ನಗಿಸಿ, ಒಂಟೆಯ ಸುದ್ದಿ ಹೇಳಿ, ಕ್ಯಾಸೆಟ್ಟು ತುಂಬಿಸುತ್ತಿದ್ದೆ.

ಒಂದು ಸಲ ತೆಗೆದುಕೊಂಡು ಹೋದವನು ಮುಂಬಯಿಯಲ್ಲಿ ಬ್ಯಾಗು ಕಳೆದುಕೊಂಡ. ಅಂದಿನಿಂದ ಸದಾನಂದನ ಎರಡು ಡೆಕ್ಕಿನ ಟೇಪ್‌ನಲ್ಲಿ ಪ್ರತಿಯೊಂದರ ನಕಲು ತೆಗೆದು ಬಿಸ್ಕತ್ತಿನ ಡಬ್ಬಿಯಲ್ಲಿ ಇಡತೊಡಗಿದೆ. ಮೇಲೆ ತಿಂಗಳು ಬರೆದಿಡುತ್ತಿದ್ದೆ. ಹಾಜರಿ ಬರೆಯುವವನ ಚಟ, ಏನು ಮಾಡುವುದು.

ಕಾಯಿಲೆ ಯಾವತ್ತು ಶುರುವಾಯಿತು ಎಂದು ನಾನು ಹೇಳಲಾರೆ. ಮಾಮಾ ಸತ್ತಿದ್ದರಿಂದ ಬಂತು ಎಂದರೆ ಕಥೆ ಸಲೀಸಾಗುತ್ತದೆ, ಆದರೆ ನಿಜವಾಗುವುದಿಲ್ಲ. ಅದಕ್ಕೂ ಎರಡು ಮೂರು ತಿಂಗಳು ಮೊದಲೇ ಊಟ ರುಚಿ ಕಳೆದುಕೊಂಡಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ರೂಮಿಗೆ ಬಂದವನು ಬೂಟು ಕಳಚಲಾಗದೆ ಮಂಚದ ಮೇಲೆ ಹಾಗೇ ಕೂತಿರುತ್ತಿದ್ದೆ. ಒಂದು ಬೂಟು ಕಳಚುವುದು, ಇನ್ನೊಂದಕ್ಕೆ ಕೈ ಹೋಗದಿರುವುದು. ಸದಾನಂದ, “ಎಂತದಾ, ಗ್ಯಾಸಾ?” ಎಂದು ಕೇಳಿ ಜೀರಿಗೆ ನೀರು ಕುದಿಸಿ ಕೊಡುತ್ತಿದ್ದ. ನನಗೂ ಗ್ಯಾಸೇ ಇರಬೇಕು ಅನ್ನಿಸುತ್ತಿತ್ತು.

ಆಮೇಲೆ ಜನವರಿಯಲ್ಲಿ ಕಂಪನಿಯ ಆಫೀಸಿಗೆ ಫೋನು ಬಂತು. ಮಾಮಾನಿಗೆ ಗಲ್ಲೆಯ ಮೇಲೆ ಕೂತಿದ್ದ ಹಾಗೇ ಎದೆ ನೋವು ಬಂದು, ಮುಗಿದೇ ಹೋಗಿತ್ತು. ಪಾಸ್‌ಪೋರ್ಟು ಕಂಪನಿಯ ಕಪಾಟಿನಲ್ಲಿ, ದೇಶ ಬಿಡಲು ಬೇಕಾದ ಪರ್ಮಿಟ್ಟಿಗೆ ನನಗೆ ವೀಸಾ ಕೊಟ್ಟ ಸ್ಪಾನ್ಸರ್ ಸಹಿ ಬೇಕು, ಸ್ಪಾನ್ಸರ್ ಲಂಡನ್ನಿನಲ್ಲಿ. ಆಫೀಸಿನವನು ಕೆಟ್ಟವನೇನಲ್ಲ. “ಬುಕ್ರಾ, ಬುಕ್ರಾ,” ನಾಳೆ ಆಗುತ್ತದೆ, ಎಂದು ನನ್ನ ಭುಜ ತಟ್ಟುತ್ತಲೇ ಇದ್ದ. ಸಹಿ ಬಂದಾಗ ಮಾಮಾನನ್ನು ಮಣ್ಣು ಮಾಡಿ ಎಂಟು ದಿನ ಆಗಿತ್ತು. ಗೊಬ್ಬರದಂಗಡಿಯ ಫೋನಿನಲ್ಲಿ ಅಕ್ಕ, “ಇನ್ನ ಬಂದು ಏನ ಮಾಡ್ತಿ ತಮ್ಮಾ. ಅಲ್ಲೇ ಇರು. ಊಟ ಮಾಡು,” ಎಂದಳು. ನಾನು ಹೋಗಲಿಲ್ಲ.

ಅಳು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ದುಃಖ ಎಂದರೆ ಅದಕ್ಕೊಂದು ಬಿಸಿ ಇರುತ್ತದೆ. ನನಗೆ ಬಂದದ್ದು ತಣ್ಣಗಿನದು. ಬೆಳಿಗ್ಗೆ ಎಚ್ಚರವಾದ ಕೂಡಲೇ, ಅಯ್ಯೋ ಮತ್ತೆ ಎಚ್ಚರವಾಯಿತಲ್ಲ ಅನ್ನಿಸುವುದು. ಸ್ನಾನಕ್ಕೆ ನಿಂತರೆ ಸೋಪು ಹಚ್ಚಬೇಕು, ಮತ್ತೆ ತೊಳೆಯಬೇಕು, ಮತ್ತೆ ಒರೆಸಬೇಕು ಎಂದು ಯೋಚಿಸಿಯೇ ಸುಸ್ತಾಗಿ ನಲ್ಲಿ ನಿಲ್ಲಿಸಿ ಬರುವುದು. ಶುಕ್ರವಾರ ಎಲ್ಲಕ್ಕಿಂತ ಕೆಟ್ಟದ್ದು, ಆವತ್ತು ಹಾಜರಿ ಬರೆಯುವ ಕೆಲಸವೂ ಇಲ್ಲ. ಸದಾನಂದ ಊರವರ ಭಜನೆಗೆ ಹೋಗುತ್ತಿದ್ದ, ನಾನು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ಮೇಲಿನಿಂದ ವಿಮಾನಗಳು ಇಳಿಯುವ ಸದ್ದು. ಗೋಡೆಯಲ್ಲಿ ಬಣ್ಣ ಎದ್ದುಹೋದ ಒಂದು ಜಾಗ ಇತ್ತು, ಅದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಜನರ ಎದುರಿಗೆ ಮಾತ್ರ ನಾನು ಬೇರೆಯೇ ಮನುಷ್ಯ. ಸೈಟಿನಲ್ಲಿ ನಗುತ್ತಿದ್ದೆ, ಚೇಷ್ಟೆ ಮಾಡುತ್ತಿದ್ದೆ. ಇದನ್ನು ಯಾರೂ ನಂಬುವುದಿಲ್ಲ. ಆ ನಗುವಿಗೆ ಎಷ್ಟು ಶಕ್ತಿ ಬೇಕಾಗುತ್ತಿತ್ತೆಂದರೆ, ರೂಮಿಗೆ ಬಂದಾಗ ಬಾಗಿಲ ಚಿಲಕ ಹಾಕಲೂ ಉಳಿದಿರುತ್ತಿರಲಿಲ್ಲ.

ಕಷ್ಟ ಆದದ್ದು ಕ್ಯಾಸೆಟ್ಟಿನದು. ಅಕ್ಕ ಗಂಡನನ್ನು ಕಳೆದುಕೊಂಡು ಕೂತಿದ್ದಾಳೆ, ತಮ್ಮನ ಮಾತು ಬರಲೇಬೇಕು. ಅವಳಿಗೆ ಮಕ್ಕಳಿಲ್ಲ, ಈಗ ಮಾಮಾನೂ ಇಲ್ಲ, ನಾನೊಬ್ಬನೇ. ನಾನು ಹೀಗಾಗಿದ್ದೇನೆ ಎಂದು ಅವಳಿಗೆ ತಿಳಿಯಲೇಬಾರದು ಎಂದು ಗಟ್ಟಿ ಮಾಡಿಕೊಂಡಿದ್ದೆ. ಉಳಿದದ್ದೆಲ್ಲ ಕೈಬಿಟ್ಟರೂ ಇದೊಂದನ್ನು ಬಿಡಬಾರದು ಎಂದಿತ್ತು. ಟೇಪಿನ ಕೆಂಪು ಬಟನ್ ಒತ್ತಿ, “ಅಕ್ಕಾ, ನಾ ಆರಾಮ ಅದೀನಿ,” ಎಂದೆ. ತಿರುಗಿಸಿ ಕೇಳಿದೆ. ನನ್ನ ದನಿಯನ್ನು ಕೇಳಿ ನನಗೇ ಹೆದರಿಕೆಯಾಯಿತು. ಸತ್ತವರು ಮಾತಾಡಿದರೆ ಹಾಗಿರುತ್ತದೆ. ಹತ್ತು ಸಲ ಪ್ರಯತ್ನಿಸಿದೆ, ಹತ್ತೂ ಸಲ ಅದೇ ದನಿ.

ಆಗ ಬಿಸ್ಕತ್ತಿನ ಡಬ್ಬಿ ನೆನಪಾಯಿತು.

ಎರಡು ವರ್ಷದ ಹಿಂದಿನ ಕ್ಯಾಸೆಟ್ಟುಗಳಲ್ಲಿ ನಾನು ಎಷ್ಟು ಚೆನ್ನಾಗಿ ನಗುತ್ತಿದ್ದೆ! ಅವುಗಳಲ್ಲಿ ಬೇಕಾದ ತುಂಡುಗಳನ್ನು ಆರಿಸಿ, ಇನ್ನೊಂದು ಕ್ಯಾಸೆಟ್ಟಿಗೆ ಇಳಿಸಿದೆ. ಚಳಿಗಾಲಕ್ಕೆ ಚಳಿಗಾಲದ್ದು, ಬಿಸಿಲಿಗೆ ಬಿಸಿಲಿನದು. ಯಾರ ಹೆಸರೂ, ಯಾವ ಹಬ್ಬವೂ ಬರದಂತೆ ನೋಡಿಕೊಂಡೆ. ಮಾಮಾನ ಹೆಸರಿರುವ ಕಡೆ ಬಟನ್ ಒತ್ತಿ ನಿಲ್ಲಿಸಿ, ಮುಂದೆ ಹೋದೆ. ಹೀಗೆ ಮೂರು ಕ್ಯಾಸೆಟ್ಟು ಕಳಿಸಿದೆ. ಅಕ್ಕ ಉತ್ತರದಲ್ಲಿ ಏನೂ ಅನುಮಾನ ತೋರಿಸಲಿಲ್ಲ. ಎರಡು ವರ್ಷದ ಹಿಂದಿನ ಈರಣ್ಣ ಅಕ್ಕನನ್ನು ನೋಡಿಕೊಳ್ಳುತ್ತಿದ್ದ, ನಾನು ಗೋಡೆ ನೋಡುತ್ತಿದ್ದೆ.

ನಾಲ್ಕನೆಯದು ಆಗಸ್ಟಿನಲ್ಲಿ. ನಮ್ಮ ಸೈಟಿನಲ್ಲಿ ಸ್ಕ್ಯಾಫೋಲ್ಡಿಂಗ್ ಕಟ್ಟುವ ಬಸವರಾಜ, ರೋಣದವನು, ಮರುದಿನ ರಜೆಯ ಮೇಲೆ ಹೊರಡುವವನಿದ್ದ. ಮಧ್ಯಾಹ್ನ ರೂಮಿಗೆ ಬಂದೆ. ತುಂಡು ಆರಿಸಲು, ಕೇಳಲು, ನಿಲ್ಲಿಸಲು ಕೈಕಾಲಲ್ಲಿ ಏನೂ ಇರಲಿಲ್ಲ. ಡಬ್ಬಿಯಿಂದ ಕೈಗೆ ಸಿಕ್ಕಿದ ಜುಲೈ ತಿಂಗಳ ಕ್ಯಾಸೆಟ್ಟನ್ನು ಒಂದು ಡೆಕ್ಕಿಗೆ, ಖಾಲಿಯದನ್ನು ಇನ್ನೊಂದಕ್ಕೆ ಹಾಕಿ, ಸದ್ದು ಪೂರಾ ಕಡಿಮೆ ಮಾಡಿ, ಮಲಗಿಬಿಟ್ಟೆ. ಟಕ್ ಎಂದು ನಿಂತಾಗ ಎದ್ದು ಎರಡನ್ನೂ ಮಗುಚಿ ಹಾಕಿ ಮತ್ತೆ ಮಲಗಿದೆ. ಎರಡನೇ ಬದಿ ಯಾರದು ಎಂದು ನನಗೆ ಹೊಳೆಯಲೇ ಇಲ್ಲ. ಎರಡನೇ ಬದಿ ಯಾವಾಗಲೂ ಮಾಮಾನದು.

ಹೊಳೆದದ್ದು ನಾಲ್ಕು ದಿನ ಬಿಟ್ಟು, ಸೈಟಿನಲ್ಲಿ, ಹಾಜರಿ ಪುಸ್ತಕದ ಮುಂದೆ. ರೂಮಿಗೆ ಬಂದು ಡಬ್ಬಿಯ ಕ್ಯಾಸೆಟ್ಟು ಹಾಕಿ ಕೇಳಿದೆ. “ಮಾಮಾ, ಹೆಂಗೈತಿ ಕೆಮ್ಮು? ಔಷಧ ತಗೋಳಾಕತ್ತೀಯೋ, ಅಕ್ಕನ ಕಣ್ಣ ತಪ್ಪಿಸಿ ಚೆಲ್ಲಾಕತ್ತೀಯೋ? ಸೈಕಲ್ ಕಡಿಮಿ ಹೊಡಿ. ಈ ಸಲ ಬರೋವಾಗ ನಿಂಗ ಒಂದು ದೊಡ್ಡ ಟಾರ್ಚ್ ತರತೀನಿ.” ಅರ್ಧ ಗಂಟೆ, ಸತ್ತು ಏಳು ತಿಂಗಳಾದ ಮನುಷ್ಯನ ಜೊತೆ, ನಗುನಗುತ್ತ.

ದಿನ ಲೆಕ್ಕ ಹಾಕಿದೆ. ಅಷ್ಟರಲ್ಲಿ ಬಸವರಾಜ ಖಾನಾವಳಿಗೆ ಹೋಗಿರುತ್ತಾನೆ. ಅಕ್ಕ ಹಿಟ್ಟಿನ ಡಬ್ಬಿಯ ಮೇಲೆ ಟೇಪ್ ಇಟ್ಟಿರುತ್ತಾಳೆ. ಫೋನು ಮಾಡಬಹುದಿತ್ತು. ಮಾಡಿ ಏನು ಹೇಳುವುದು? ಆ ದಿನಗಳ ಬಗ್ಗೆ ಇಷ್ಟು ಮಾತ್ರ ಹೇಳಬಲ್ಲೆ, ನಾನು ಉಳಿಯುತ್ತೇನೆ ಎಂದು ನನಗೆ ಅನ್ನಿಸಿರಲಿಲ್ಲ. ಉಳಿಯಬೇಕು ಎಂದೂ ಅನ್ನಿಸಿರಲಿಲ್ಲ. ಒಂದೇ ಒಂದು ಕೆಲಸ ಇಟ್ಟುಕೊಂಡಿದ್ದೆ, ಅದನ್ನೂ ಕೆಡಿಸಿದ್ದೆ. ಸದಾನಂದನಿಗೆ ಎಲ್ಲ ಹೇಳಿದೆ. ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

“ಇದು ಗ್ಯಾಸ್ ಅಲ್ಲ ಮಾರಾಯ,” ಎಂದ.

“ಮತ್ತ ಏನು?”

“ನಂಗೆ ಗೊತ್ತಿಲ್ಲ. ಗೊತ್ತಿದ್ರೂ ನಾನು ಹೇಳುದಿಲ್ಲ. ಅಂಥ ಡಾಕ್ಟ್ರ ಹತ್ರ ಹೋದ್ರೆ ಹೆಲ್ತ್ ಕಾರ್ಡಲ್ಲಿ ಬರೀತಾರೆ. ಕಂಪನಿಗೆ ಗೊತ್ತಾದ್ರೆ ಹುಚ್ಚ ಅಂತ ಹೇಳಿ ಟಿಕೆಟ್ ಕೈಗೆ ಕೊಡ್ತಾರೆ. ಖಲಾಸ್.”

ನಾನು ಒಪ್ಪಿದೆ. ಇಬ್ಬರೂ ಸೇರಿ ಹೆದರಿದೆವು. ಆವತ್ತಿನಿಂದ ಅವನು ಮಧ್ಯಾಹ್ನ ಎಲ್ಲಿ ಕೆಲಸವಿದ್ದರೂ ವ್ಯಾನು ತಿರುಗಿಸಿ ರೂಮಿಗೆ ಬಂದು, ಬಾಗಿಲಲ್ಲೇ ನಿಂತು, “ಊಟ ಮಾಡಿದ್ಯಾ?” ಎಂದು ಕೇಳಿ ಹೋಗುತ್ತಿದ್ದ. ನಾನು ಹೂಂ ಎಂದರೂ ಒಳಗೆ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದ. ಸಿಟ್ಟು ಬರುತ್ತಿತ್ತು, ಅದೂ ಸ್ವಲ್ಪವೇ.

ಅಕ್ಟೋಬರ್ ಮೊದಲಲ್ಲಿ ಬಸವರಾಜ ಬಂದ. ಶೇಂಗಾ ಚಟ್ನಿಯ ಪೊಟ್ಟಣ ಕೊಟ್ಟ. ಆಮೇಲೆ ಅಂಗಿಯ ಒಳಜೇಬಿನಿಂದ ಕ್ಯಾಸೆಟ್ಟು ತೆಗೆದ. “ಅಕ್ಕಾರು ನಿಮ್ಮ ಕೈಯಾಗ ಕೊಡು ಅಂದಾರ್ರಿ. ಒಬ್ಬನ ಕುಂತು ಕೇಳು ಅಂತ ಹೇಳು ಅಂದಾರ,” ಎಂದು, ನನ್ನ ಮುಖ ನೋಡದೆ ಹೋದ. ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೇ ದಿನ ಮಧ್ಯಾಹ್ನ ಹಾಕಿದೆ.

ಮೊದಲು ರೊಟ್ಟಿ ಬಡಿಯುವ ಸಪ್ಪಳ. ಆಮೇಲೆ ಅಕ್ಕನ ದನಿ, “ಏ ಪಾರವ್ವಾ, ಎಲ್ಲಾರೂ ಒಂದೀಟ ಹೊರಗ ಹೋಗ್ರಿ.” ಸಪ್ಪಳ ನಿಂತಿತು. ಬಾಗಿಲು ಹಾಕಿದ್ದು ಕೇಳಿಸಿತು.

“ತಮ್ಮಾ, ನಿನ್ನ ಕ್ಯಾಸೆಟ್ ಬಂತು. ಎಲ್ಲಾರೂ ಕುಂತಿದ್ವಿ. ಎರಡನೇ ಬಾಜು ಹಚ್ಚಿದ್ರ ನೀ ನಿಮ್ಮ ಮಾಮಾನ ಕೂಡ ಮಾತಾಡಾಕ ಹತ್ತಿದಿ. ಪಾರವ್ವ ಬಂದ್ ಮಾಡಾಕ ಎದ್ಲು, ನಾನ ಬ್ಯಾಡ ಅಂದೆ. ಪೂರಾ ಕೇಳಿದೆ. ಮೊದ್ಲ ನಿನ್ನ ಮ್ಯಾಲ ಬಾಳ ಸಿಟ್ಟ ಬಂತು. ಆಮ್ಯಾಲ ಮನಿಗೆ ಹೋಗಿ ಹಿಂದಿನ ಮೂರೂ ಕ್ಯಾಸೆಟ್ ಹಚ್ಚಿ ಕೇಳಿದೆ. ಎಲ್ಲಾ ಹಳೇವು. ಒಂದರಾಗ ನಿನ್ನ ಹಿಂದ ಫ್ಯಾನ ಕಟಕಟ ಅಂತೈತಿ. ಆ ಫ್ಯಾನ ಇದ್ದ ರೂಮ ಬಿಟ್ಟು ನಿಂಗ ವರ್ಷ ಆತು. ನಂಗ ಓದಾಕ ಬರೂದಿಲ್ಲ, ಕೇಳಾಕ ಬರತೈತಿ.”

ಅಕ್ಕ ಮೂಗು ಒರೆಸಿಕೊಂಡದ್ದು ಕೇಳಿಸಿತು.

“ಅವ್ವ ಹಿಂಗ ಇದ್ಲು. ನೀ ಸಣ್ಣಾವ, ನಿಂಗ ನೆನಪಿಲ್ಲ. ದಿನಾ ಗ್ವಾಡಿ ಕಡೆ ಮಾರಿ ಮಾಡಿ ಮಲಗತಿದ್ಲು. ಯಾರರ ಬಂದ್ರ ಎದ್ದ ಕುಂತು, ಸೆರಗ ಸರಿ ಮಾಡ್ಕೊಂಡು ನಗತಿದ್ಲು. ನಾ ತವರಿಗೆ ಹೋದಾಗೂ ನಕ್ಕಳು. ನಕ್ಕಳಲ್ಲ, ಆರಾಮ ಅದಾಳ ಅನಕೊಂಡು ನಾ ಹೊಳ್ಳಿ ಬಂದೆ. ಆಮ್ಯಾಲ ಎಂಟ ದಿನಕ್ಕ ಹೋದ್ಲು. ಆಕಿ ಕಾಲ ಜಾರಿಲ್ಲ ತಮ್ಮಾ. ಇದನ್ನ ನಿಮ್ಮ ಮಾಮಾಗ ಬಿಟ್ರ ಯಾರಿಗೂ ಹೇಳಿಲ್ಲ. ನೀ ನಂಗ ನಗೂ ಕ್ಯಾಸೆಟ್ ಕಳಸಬ್ಯಾಡ. ಆರಾಮ ಇಲ್ಲಂದ್ರ ಇಲ್ಲ ಅಂತ ಕಳಸು. ಮಾತಾಡಾಕ ಆಗಲಿಲ್ಲಂದ್ರ ಸುಮ್ನ ಕುಂತು ಕಳಸು. ಡಾಕ್ಟರಿಗೆ ತೋರಸು. ಕೆಲಸ ಹೋದ್ರ ಹೋಗಲಿ, ಇಲ್ಲಿ ಗಲ್ಲೆ ಖಾಲಿ ಐತಿ.”

ಬೇರೆಯವರ ಕಥನಗಳಲ್ಲಿ ಇಂಥ ಹೊತ್ತಿನಲ್ಲಿ ಕಟ್ಟೆ ಒಡೆದು ಅಳು ಬರುತ್ತದೆ. ನನಗೆ ಬರಲಿಲ್ಲ. ಅವ್ವನ ಮುಖ ನೆನಪು ಮಾಡಿಕೊಳ್ಳಲು ಪ್ರಯತ್ನಿಸಿದೆ, ಅದೂ ಬರಲಿಲ್ಲ. ಹೆದರಿಕೆ ಮಾತ್ರ ಬಂತು. ಗೋಡೆ ನನ್ನದೊಬ್ಬನದೇ ಎಂದುಕೊಂಡಿದ್ದೆ, ಅದು ಅವ್ವನದೂ ಆಗಿತ್ತು. ಹೆದರಿಕೆಯಾಯಿತಲ್ಲ, ಅಷ್ಟು ದಿನಗಳಲ್ಲಿ ನನಗೆ ಆದ ಮೊದಲ ಭಾವನೆ ಅದು. ಸದಾನಂದ ಬಂದು ಊಟ ಮಾಡಿದ್ಯಾ ಎಂದಾಗ, ಆಸ್ಪತ್ರೆಗೆ ಹೋಗೋಣ ಎಂದೆ. ಈ ಸಲ ಅವನು ಕಂಪನಿಯ, ಟಿಕೆಟ್ಟಿನ ಮಾತು ಎತ್ತಲಿಲ್ಲ.

ಸರಕಾರಿ ಆಸ್ಪತ್ರೆಯ ಆ ವಿಭಾಗಕ್ಕೆ ಬಾಗಿಲು ಹಿಂದುಗಡೆ. ಗಂಡಸರು ಕಾಯುವ ಕೋಣೆಯಲ್ಲಿ ನೆಲಕ್ಕೆ ಬಿಗಿದ ಪ್ಲಾಸ್ಟಿಕ್ ಕುರ್ಚಿಗಳು, ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡುತ್ತಿದ್ದರು. ನಾನು ತಲೆ ಎತ್ತಿದಾಗ ಎದುರಿಗೆ ವರ್ಗೀಸ್ ಕೂತಿದ್ದ. ನಮ್ಮದೇ ಸೈಟಿನ ಬಡಗಿಗಳ ಫೋರ್‌ಮನ್. ನೋಡಿದ ಕೂಡಲೇ ಇಬ್ಬರೂ ಗೋಡೆಯ ಗಡಿಯಾರ ನೋಡಿದೆವು. ಒಂದು ವರ್ಷದಿಂದ ತಿಂಗಳಿಗೊಂದು ಮಂಗಳವಾರ ಅವನು ಅರ್ಧ ದಿನ ಗೈರು. ಪ್ರತಿ ಸಲ ನಾನೇ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೆ. ಎಲ್ಲೋ ಸೈಡ್ ಬಿಸಿನೆಸ್ ಇಟ್ಟಿದ್ದಾನೆ, ಕಳ್ಳ ಎಂದು ಹತ್ತು ಜನರ ಮುಂದೆ ಚೇಷ್ಟೆಯನ್ನೂ ಮಾಡಿದ್ದೆ. ಬಹಳ ಹೊತ್ತಾದ ಮೇಲೆ ಅವನು ಎದ್ದು ಬಂದು ನನ್ನ ಪಕ್ಕ ಕೂತ.

“ಪೆಹಲಾ ಟೈಮ್?” ಎಂದ.

ಹೌದೆಂದು ತಲೆ ಆಡಿಸಿದೆ.

“ಡರೋ ಮತ್. ಚೀಟಿ ಮೇ ಡಿಪಾರ್ಟ್‌ಮೆಂಟ್ ಕಾ ನಾಮ್ ನಹೀ ಲಿಖತೇ. ಖಾಲೀ ಹಾಸ್ಪಿಟಲ್ ಲಿಖತೇ ಹೈ.” ಹೆದರಬೇಡ, ಕಂಪನಿಯ ಆಫೀಸಿಗೆ ಕೊಡುವ ಚೀಟಿಯಲ್ಲಿ ವಿಭಾಗದ ಹೆಸರು ಬರೆಯುವುದಿಲ್ಲ, ಬರೀ ಆಸ್ಪತ್ರೆ ಎಂದಿರುತ್ತದೆ. ನನ್ನನ್ನೂ ಸದಾನಂದನನ್ನೂ ಎರಡು ತಿಂಗಳು ತಿಂದ ಹೆದರಿಕೆಯನ್ನು ಅವನು ಹೀಗೆ ಒಂದೇ ಮಾತಿನಲ್ಲಿ ಇಳಿಸಿದ. ನಾನು ಅವನಿಗೆ ಕೆಂಪು ಶಾಯಿಯ ಬಗ್ಗೆ ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ.

ಡಾಕ್ಟರು ಸುಡಾನಿನವರು, ವಯಸ್ಸಾದವರು. ಅವರ ಇಂಗ್ಲಿಷು ನನಗೆ ಅಷ್ಟಕ್ಕಷ್ಟೆ, ನನ್ನದು ಅವರಿಗೆ ಅಷ್ಟಕ್ಕಷ್ಟೆ. ನಡುವೆ ಒಬ್ಬ ಮಲಯಾಳಿ ನರ್ಸಮ್ಮ ನಿಂತು ಹಿಂದಿಯಲ್ಲಿ ಕೇಳಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ನಿದ್ದೆ, ಊಟ, ಕೆಲಸ. ಆಮೇಲೆ ಡಾಕ್ಟರು ಪೆನ್ನು ಕೆಳಗಿಟ್ಟು ಏನೋ ಕೇಳಿದರು. ನರ್ಸಮ್ಮ ದನಿ ತಗ್ಗಿಸಿ, ಸಾಯಬೇಕು ಅನ್ನಿಸುತ್ತದಾ ಎಂದರು. ಇರಬೇಕು ಅನ್ನಿಸುವುದಿಲ್ಲ ಎಂದೆ. ಆಕೆ ಅದನ್ನು ಹೇಗೆ ಹೇಳಿದರೋ, ಡಾಕ್ಟರು ನನ್ನ ಕಡೆ ನೋಡಿ ನಿಧಾನವಾಗಿ ತಲೆ ಆಡಿಸಿದರು. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ ಎಂದು ಕೇಳಿದರು. ಹೌದು, ನನ್ನ ತಾಯಿಗೆ ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು, ಅದೂ ಹಿಂದಿಯಲ್ಲಿ. ಆಮೇಲೆ ಅವರು ಪ್ರತಿ ವಾರ ಬರಬೇಕೆಂದರು, ಮಾತ್ರೆಯನ್ನು ಸದಾನಂದನ ಕೈಯಲ್ಲಿ ಕೊಟ್ಟರು.

ಮಾತ್ರೆಯಿಂದ ಬಾಯಿ ಒಣಗಿತು, ಕೈ ನಡುಗಿತು, ಹಾಜರಿ ಪುಸ್ತಕದಲ್ಲಿ ನನ್ನ ಅಕ್ಷರ ನನಗೇ ಗುರುತು ಸಿಗದಂತಾಯಿತು. ಮೊದಲನೆಯದು ಹಿಡಿಸಲಿಲ್ಲ, ಎರಡನೆಯದು ಕೊಟ್ಟರು. ಒಂದೂವರೆ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಎರಡೂ ಬೂಟು ಕಳಚಿದ್ದೆ. ಇಷ್ಟೇ ನನ್ನ ಸುಧಾರಣೆ, ಇದಕ್ಕಿಂತ ದೊಡ್ಡದು ಏನಾದರೂ ಹೇಳಿದರೆ ಸುಳ್ಳಾಗುತ್ತದೆ.

ನವೆಂಬರಿನ ಒಂದು ಶುಕ್ರವಾರ ಮಧ್ಯಾಹ್ನ ಹೊಸ ಕ್ಯಾಸೆಟ್ಟು ಹಾಕಿ ಕೆಂಪು ಬಟನ್ ಒತ್ತಿದೆ. “ಅಕ್ಕಾ, ನಂಗ ಆರಾಮ ಇಲ್ಲ,” ಎಂದೆ. ಮುಂದಿನ ಮಾತು ಬರಲಿಲ್ಲ. ಬಟನ್ ನಿಲ್ಲಿಸಬಹುದಿತ್ತು. ಸುಮ್ನ ಕುಂತು ಕಳಸು ಎಂದಿದ್ದಳಲ್ಲ, ಸುಮ್ಮನೆ ಕೂತೆ. ಎಸಿ ಗುಂಯ್ ಎನ್ನುತ್ತಿತ್ತು. ನಡುವೆ ಒಮ್ಮೆ ಸದಾನಂದ ಬಾಗಿಲು ತೆಗೆದು, “ಊಟ ಮಾಡಿದ್ಯಾ ಮಾರಾಯ?” ಎಂದ, ಟೇಪು ಓಡುತ್ತಿರುವುದು ಕಂಡು ಬಾಗಿಲು ಮುಚ್ಚಿದ. ಬದಿ ಮುಗಿದು ಟಕ್ ಎಂದು ನಿಂತಿತು. ನಾನು ಅದನ್ನು ತಿರುಗಿಸಿ ಕೇಳಲಿಲ್ಲ, ನಕಲೂ ತೆಗೆಯಲಿಲ್ಲ. ಊರಿಗೆ ಹೊರಟವರೊಬ್ಬರ ಕೈಯಲ್ಲಿ ಹಾಗೇ ಕೊಟ್ಟು ಕಳಿಸಿದೆ.

ಮರುವರ್ಷ ರಜೆ ಸಿಕ್ಕಿತು. ವಿಮಾನದಲ್ಲಿ, ರೈಲಿನಲ್ಲಿ ಒಂದೇ ಯೋಚನೆ, ಗದಗ ಸ್ಟೇಷನ್ ಕಂಡ ಕೂಡಲೇ ಒಳಗೆ ಏನಾದರೂ ಅಲುಗಾಡುತ್ತದೆ. ಇಳಿದೆ. ಬಿಸಿಲು, ಚಹಾದವರ ಕೂಗು, ಪರಿಚಯದ ಧೂಳು. ಏನೂ ಅಲುಗಾಡಲಿಲ್ಲ. ಇದಕ್ಕಿಂತ ದೊಡ್ಡ ನಿರಾಸೆ ನನಗೆ ಈ ರೋಗದಲ್ಲಿ ಆಗಿಲ್ಲ. ದೋಹಾದಿಂದ ಹೊರಡುವಾಗ, ಊರಿಗೆ ಹೋದರೆ ಎಲ್ಲ ಸರಿಹೋಗುತ್ತದೆ ಎಂಬ ಒಂದು ಆಸೆಯನ್ನು ಉಳಿಸಿಕೊಂಡಿದ್ದೆ. ಅದೂ ಖರ್ಚಾಗಿಹೋಯಿತು.

ಖಾನಾವಳಿಗೆ ಹೋದಾಗ ಮಧ್ಯಾಹ್ನದ ಗದ್ದಲ ಇಳಿದಿತ್ತು. ಗಲ್ಲೆಯ ಮೇಲೆ ಯಾರೋ ಹೊಸಬರು. ಒಳಗೆ ಅಕ್ಕ ಇನ್ನಷ್ಟು ಸಣ್ಣಗಾಗಿದ್ದಳು. ನನ್ನ ಗಲ್ಲ ಮುಟ್ಟಿದಳು, ಕೈಯಲ್ಲಿದ್ದ ಹಿಟ್ಟು ನನಗೆ ಹತ್ತಿತು. ರೊಟ್ಟಿಯ ಹೆಣ್ಣುಮಕ್ಕಳೆಲ್ಲ ಸುತ್ತುವರಿದರು. ಅವರಿಗೆ ನನ್ನ ಒಂಟೆಯ ಸುದ್ದಿ ಬೇಕಿತ್ತು. ನಾನು ಶುರುಮಾಡಿದೆ. ನಗಿಸಿದೆ, ನಾನೂ ನಕ್ಕೆ. ಎಲ್ಲಿಂದ ಬಂತೋ, ಹಳೇ ಈರಣ್ಣನ ದನಿಯನ್ನೇ ಎಳೆದು ತಂದೆ.

“ಆ ಕರಾವಳಿ ಮನಶ್ಯಾ ಹೆಂಗದಾನ?” ಎಂದು ಪಾರವ್ವ ಕೇಳಿದಳು. “ಊಟ ಮಾಡಿದ್ಯಾ ಅಂತ ಕೇಳತಾನಲ್ಲ, ಆಂವ?”

ಸದಾನಂದನ ಮಾತು ಇವಳಿಗೆ ಹೇಗೆ ಗೊತ್ತು ಎಂದು ನಾನು ಅಕ್ಕನ ಕಡೆ ನೋಡಿದೆ.

“ಅದನ್ನ ದಿನಾ ಹಚ್ಚತಾಳ,” ಎಂದಳು ಪಾರವ್ವ. “ಅದರಾಗ ಏನೂ ಇಲ್ಲ ಗಂಗವ್ವಾ ಅಂದ್ರ, ಉಸಿರ ಕೇಳಸ್ತೈತಿ, ಸುಮ್ಕಿರ್ರಿ ಅಂತಾಳ. ನಾವೂ ಸುಮ್ನ ಕುಂತ ಕೇಳತೀವಿ.”

ನಾನು ಮತ್ತೆ ಒಂಟೆಯ ಕಥೆಗೆ ಹೋದೆ. ಅಕ್ಕ ಎದ್ದಳು, ಸೆರಗಿಗೆ ಕೈ ಒರೆಸಿಕೊಂಡಳು, ಹಿಟ್ಟಿನ ಡಬ್ಬಿಯ ಮೇಲಿದ್ದ ಟೇಪಿನ ಬಟನ್ ಒತ್ತಿದಳು. ಅಕ್ಕಾ, ನಂಗ ಆರಾಮ ಇಲ್ಲ. ಆಮೇಲೆ ಎಸಿಯ ಗುಂಯ್ ಸದ್ದು. ಅದರ ಒಳಗೆ, ಕಿವಿಗೊಟ್ಟರೆ, ಹೌದು, ಉಸಿರು.

“ಇಲ್ಲೇ ಕುಂತಾನಲ್ಲವಾ ನಿನ್ನ ತಮ್ಮ,” ಎಂದಳು ಪಾರವ್ವ. “ಇನ್ಯಾಕ ಕ್ಯಾಸೆಟ್ಟು?”

“ಇಲ್ಲಿ ಕುಂತಾಂವ ನಗಾಕ ಹತ್ಯಾನ,” ಎಂದಳು ಅಕ್ಕ.

ನಾನು ನಗುವುದನ್ನು ನಿಲ್ಲಿಸಿದೆ. ಅಕ್ಕ ಟೇಪು ಬಂದ್ ಮಾಡಿ ನನ್ನ ಪಕ್ಕ ಬಂದು ಕೂತಳು.